ಹಂದಿಯೂ ಅಲ್ಲ, ಗಿನಿಯದೂ ಅಲ್ಲ

ಕೊತ್ತಂಬರಿ ಸೊಪ್ಪಿನ ದಂಟನ್ನು ನಾನು ಈಗಲೂ ಬಿಸಾಡುವುದಿಲ್ಲ. ಎಲೆ ಬಿಡಿಸಿಕೊಂಡು, ಬೇರಿನ ಮಣ್ಣು ತೊಳೆದು, ದಂಟನ್ನೆಲ್ಲ ಒಂದು ತಟ್ಟೆಗೆ ಹಾಕಿಡುತ್ತೇನೆ. ಇಟ್ಟಾದ ಮೇಲೆ ನೆನಪಾಗುತ್ತದೆ, ತಿನ್ನುವವರು ಈ ಮನೆಯಲ್ಲಿ ಇಲ್ಲ. ನಮ್ಮ ಯಜಮಾನರು ಒಂದೆರಡು ದಿನ ನೋಡಿ, "ಅದರದ್ದೊಂದು ತಂಬ್ಳಿ ಆದ್ರೂ ಮಾಡೆ" ಅಂದರು. ಮಾಡಿದೆ. ಬರೀ ನಾರು. ಅವರಿಗೂ ಸೇರಲಿಲ್ಲ, ನನಗೂ ಸೇರಲಿಲ್ಲ. ಮತ್ತೆ ಯಾಕೆ ಎತ್ತಿಡುತ್ತೀರಿ ಎಂದು ದಯವಿಟ್ಟು ಕೇಳಬೇಡಿ. ನನಗೆ ಮೊದಲೇ ಸಿಟ್ಟು ಬಂದಿದೆ.

ನಾನು ಹೇಳಹೊರಟದ್ದು ಗಿನಿ ಪಿಗ್ ವಿಚಾರ. ನಿಮ್ಮ ಓಣಿಯಲ್ಲೂ ಒಬ್ಬರ ಮನೆಯಲ್ಲಾದರೂ ಈಗ ಇದ್ದೀತು. ನಾಯಿ ಸಾಕಲು ಜಾಗವಿಲ್ಲ, ಬೆಕ್ಕು ಹೇಳಿದ ಮಾತು ಕೇಳುವುದಿಲ್ಲ, ಮೀನನ್ನು ಮಡಿಲಲ್ಲಿ ಕೂರಿಸಿಕೊಳ್ಳಲು ಬರುವುದಿಲ್ಲ ಎಂದು ಕೊರಗುವ ಪೇಟೆಯ ಜನ ಕಂಡುಕೊಂಡ ಪ್ರಾಣಿ ಇದು. ದೊಡ್ಡ ಊರುಗಳ ಫ್ಲಾಟುಗಳಲ್ಲಿ ಶುರುವಾದ ಶೋಕಿ ಮೊಬೈಲಿನ ರೀಲ್‌ಗಳ ಮೇಲೆ ಸವಾರಿ ಮಾಡಿಕೊಂಡು ಕರಾವಳಿಗೂ ಬಂತು. ಕುಮಟೆಯ ಅಕ್ವೇರಿಯಂ ಅಂಗಡಿಯಲ್ಲಿ ಲವ್ ಬರ್ಡ್ಸ್ ಪಂಜರದ ಕೆಳಗೆ ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಅವು ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಅಲ್ಲಿಂದಲೇ ನಾವು ತಂದದ್ದು.

ಕನ್ನಡ ಟೀಚರಾದ ಕರ್ಮಕ್ಕೆ ಹೇಳಲೇಬೇಕು, ಇಷ್ಟು ಬೇಜವಾಬ್ದಾರಿಯಿಂದ ಇಟ್ಟ ಹೆಸರು ಇನ್ನೊಂದಿಲ್ಲ. ಗಿನಿ ಹಂದಿ. ಅದು ಹಂದಿಯ ಕುಲವಲ್ಲ, ಇಲಿ ಅಳಿಲುಗಳ ಬಳಗ. ಗಿನಿ ಎಂಬ ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ. ಸಮುದ್ರದಾಚೆ ದಕ್ಷಿಣ ಅಮೆರಿಕದ ಬೆಟ್ಟದ ಜನ ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಅಡುಗೆಮನೆಯಲ್ಲಿ ಸಾಕಿಕೊಂಡರಂತೆ. ಮುದ್ದಿಗಲ್ಲ, ಹಬ್ಬಕ್ಕೆ ಸುಟ್ಟು ತಿನ್ನಲಿಕ್ಕೆ. ಈಗಲೂ ತಿನ್ನುತ್ತಾರಂತೆ. ಆಮೇಲೆ ಹಡಗಿನವರು ಅದನ್ನು ಯುರೋಪಿಗೆ ಒಯ್ದರು, ರಾಣಿಯರು ಮಡಿಲಲ್ಲಿ ಕೂರಿಸಿಕೊಂಡರು, ಡಾಕ್ಟರುಗಳು ಸೂಜಿ ಚುಚ್ಚಿದರು. ಯಾರೋ ಒಬ್ಬ ಪುಣ್ಯಾತ್ಮ ಅದರ ಕುಂಯ್‌ಗುಟ್ಟುವಿಕೆ ಕೇಳಿ ಹಂದಿ ಎಂದ. ಅಷ್ಟೇ, ಅದು ಹಂದಿಯಾಯಿತು. ಒಮ್ಮೆ ಬಾಯಿಂದ ಬಿದ್ದ ಹೆಸರನ್ನು ಆಮೇಲೆ ಯಾರೂ ವಿಚಾರಿಸುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಹೊನ್ನಾವರದ ಕಡೆ, ಅಪ್ಸರಕೊಂಡಕ್ಕೆ ಹೋಗುವ ದಾರಿಯಲ್ಲಿ. ನಮ್ಮ ಮನೆಯಲ್ಲಿ ಕೆಲಸವಿಲ್ಲದ ಪ್ರಾಣಿ ಒಂದೂ ಇರಲಿಲ್ಲ. ಬೆಕ್ಕು ಇಲಿ ಹಿಡಿಯಬೇಕು, ಸಂಬಳ ಬಂಗಡೆಯ ತಲೆ. ನಾಯಿ ಗೇರುಹಣ್ಣಿನ ಕಾಲದಲ್ಲಿ ಬೇಲಿ ಕಾಯಬೇಕು, ಸಂಬಳ ನಿನ್ನೆಯ ಗಂಜಿ. ಕೋಳಿಯ ಕೆಲಸ ಎಲ್ಲರಿಗೂ ಗೊತ್ತಿದ್ದದ್ದೇ, ಅದಕ್ಕೆ ಸಂಬಳವೂ ಇರಲಿಲ್ಲ, ನಿವೃತ್ತಿಯೂ ಇರಲಿಲ್ಲ. ಸುಮ್ಮನೆ ನೋಡಿಕೊಂಡು ಕೂರಲು ಒಂದು ಪ್ರಾಣಿಯನ್ನು ದುಡ್ಡು ಕೊಟ್ಟು ತರುವುದು ಎಂದರೆ ನನ್ನ ಅಜ್ಜಿ ಹುಚ್ಚು ಬಿಡಿಸಲು ಬೇವಿನ ಸೊಪ್ಪು ಹುಡುಕುತ್ತಿದ್ದಳು.

ಅಜ್ಜಿಗೆ ಪ್ರಾಣಿಗಿಂತ ಅದರ ಹೆಸರಿನದೇ ಹೆದರಿಕೆ ಜಾಸ್ತಿ. ದೀಪ ಹಚ್ಚಿದ ಮೇಲೆ ಹಾವು ಅನ್ನಬಾರದು, ಬಳ್ಳಿ ಅನ್ನಬೇಕು. ದೀಪ ಆರಿಸು ಅನ್ನಬಾರದು, ಶಾಂತ ಮಾಡು ಅನ್ನಬೇಕು. ಹೊರಟವರು "ಹೋತೆ" ಅಂದರೆ ಬೈಗುಳ, "ಬತ್ತೆ" ಅನ್ನಬೇಕು. ಒಂದು ಸಂಜೆ ನಾನು ಕೊಟ್ಟಿಗೆಯ ಹತ್ತಿರ "ಹಾವು, ಹಾವು" ಎಂದು ಕಿರುಚಿದೆ. ಅಜ್ಜಿ ಓಡಿ ಬಂದವಳು ಹಾವಿನ ಕಡೆ ನೋಡಲೇ ಇಲ್ಲ, ಮೊದಲು ನನ್ನ ಬಾಯಿಯ ಮೇಲೆ ಒಂದು ಬಿಟ್ಟಳು. "ಕರೆದ್ರೆ ಬಾರದೆ ಇರ್ತದ?" ಅಂದಳು. ಓದಿದ ಅಹಂಕಾರದಲ್ಲಿ ಇದನ್ನೆಲ್ಲ ಮೂಢನಂಬಿಕೆ ಎಂದು ನಾನು ಮಕ್ಕಳಿಗೆ ಪಾಠ ಮಾಡಿದ್ದೂ ಉಂಟು.

ಭಟ್ಕಳದ ಹೈಸ್ಕೂಲಿಗೆ ವರ್ಗವಾದಾಗ ಊರಿಗೆ ತಾಗಿದ ಜಾಲಿಯಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಸಿಕ್ಕಿತು. ಮೇಲೆ ನಾವು ಮೂವರು: ನಾನು, ಹೊನ್ನಾವರದ ಸೊಸೈಟಿಯೊಂದಕ್ಕೆ ಕೆಲಸಕ್ಕೆ ಹೋಗಿಬರುವ ನನ್ನ ಗಂಡ, ಮಗಳು ಶ್ರಾವಣಿ. ಕೆಳಗೆ ಮನೆಯ ಯಜಮಾನತಿ ಜೈನಬ್ ಆಪಾ, ಅವರ ಸೊಸೆ, ಮೊಮ್ಮಕ್ಕಳು. ಆಪಾನ ಮಗ ದುಬೈಯಲ್ಲಿ. ಮನೆ ಹಿಡಿದ ಸುದ್ದಿ ಕೇಳಿ ಕುಮಟೆ ಹತ್ತಿರದ ಬಾಡದಲ್ಲಿರುವ ನನ್ನ ಭಾವ, ಅಂದರೆ ನಮ್ಮ ಯಜಮಾನರ ಅಣ್ಣ, ಫೋನು ಮಾಡಿದ್ದರು. "ನಿಮ್ಗೆ ಇರೂಕೆ ಬೇರೆ ಜಾಗ ಸಿಕ್ಕಿಲ್ವಾ? ನಾಳೆ ಎಂತಾದ್ರೂ ಆದ್ರೆ ನಂಗೆ ಹೇಳೂಕೆ ಬರಬ್ಯಾಡಿ" ಎಂದಿದ್ದರು. ನಾಲ್ಕು ವರ್ಷ ಎಂತದೂ ಆಗಲಿಲ್ಲ. ಭಾವನಿಗೆ ಅದೊಂದು ಬೇಸರ ಇದ್ದಿರಬೇಕು.

ಆರನೇ ಕ್ಲಾಸಿಗೆ ಬಂದ ಶ್ರಾವಣಿ ರೀಲ್ ನೋಡಿ ನೋಡಿ, ಊಟ ಬಿಟ್ಟು, ಒಂದು ಹೊತ್ತಿನ ಉಪವಾಸದ ಕೊನೆಗೆ ಅಪ್ಪನನ್ನು ಕುಮಟೆಯ ಅಂಗಡಿಗೆ ಎಳೆದುಕೊಂಡು ಹೋದಳು. ಒಂದೇ ತಂದರೆ ಬೇಜಾರಿಗೇ ಸಾಯುತ್ತದೆ, ಜೋಡಿ ಒಯ್ಯಿರಿ ಎಂದ ಅಂಗಡಿಯವನು. ಎರಡೂ ಹೆಣ್ಣೇ ಎಂದು ಆಣೆ ಮಾಡಿದ. ಹಾಗೆ ಒಂದು ಕಂದು, ಒಂದು ಕಪ್ಪು ಬಿಳಿ, ರಟ್ಟಿನ ಪೆಟ್ಟಿಗೆಯಲ್ಲಿ ಕೂತು ಜಾಲಿಗೆ ಬಂದವು. ಮೊದಲ ದಿನ ಎರಡೂ ಕಲ್ಲಿನ ಹಾಗೆ ನಿಂತುಬಿಟ್ಟಿದ್ದವು. ಕಣ್ಣು ತೆರೆದೇ ಇದೆ, ಮೀಸೆ ಕೂಡ ಅಲುಗುವುದಿಲ್ಲ. ನೋಡಿದವರೆಲ್ಲ "ಎಂತ ಸಾಧು" ಎಂದರು. ಸಾಧುವಲ್ಲ, ಹೆದರಿಕೆ. ಗಿಡುಗ ಮೇಲೆ ಹಾರುವಾಗ ಅಲುಗಾಡದೆ ನಿಂತರೆ ಜೀವ ಉಳಿಯುತ್ತದೆ ಎಂದು ಅವುಗಳ ರಕ್ತಕ್ಕೆ ಗೊತ್ತು. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ.

ಮರುದಿನವೇ ಆಪಾ ನಮ್ಮ ಬಾಗಿಲಲ್ಲಿ. ಒಳಗೆ ಬರಲಿಲ್ಲ. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದರು.

"ಟೀಚರ್, ಕೇಳೂಕೆ ಸಂಕೋಚ ಆತದೆ. ಮೇಲೆ ಎಂತದೋ ಹಂದಿ ತಂದಿದ್ದಾರೆ ಅಂತ ಮಕ್ಳು ಹೇಳ್ತವೆ."

"ಹಂದಿ ಅಲ್ಲ ಆಪಾ. ಬನ್ನಿ, ನೀವೇ ನೋಡಿ."

ಬಂದು ನೋಡಿದರು. ಬಗ್ಗಿ ನೋಡಿದರು. ಕೂತು ನೋಡಿದರು.

"ಇದಾ? ಇದು ಮೊಲ ಅಲ್ದ? ಕಿವಿ ಮಾತ್ರ ಯಾರೋ ಕತ್ತರಿಸ್ಕಂಡು ಹೋದ ಹಾಂಗೆ ಉಂಟು."

"ಇಲಿಯ ಜಾತಿ, ಆಪಾ."

"ಇಲಿ ಆದ್ರೆ ಇರ್ಲಿ. ಬಾಡಿಗೆ ಕೊಡದ ಇಲಿ ಕೆಳಗೆ ಬೇಕಾದಷ್ಟು ಅವೆ." ಎದ್ದು ದುಪಟ್ಟಾ ಕೊಡವಿಕೊಂಡರು. "ಆ ಹೆಸ್ರೊಂದು ಬ್ಯಾಡ ಟೀಚರ್. ನಮ್ಮ ಮಕ್ಳು ಎಲ್ಲಾದ್ರೂ ಹೋಗಿ ಎಂತಾದ್ರೂ ಹೇಳಿ ಬತ್ತವೆ. ಗಿನಿ ಅಂತ್ಲೇ ಕರೀವ. ಎಷ್ಟು ಚಂದ ಉಂಟು ಹೆಸ್ರು, ಹುಡ್ಗಿ ಹೆಸ್ರಿನ ಹಾಂಗೆ."

ನನ್ನ ಅಜ್ಜಿಯೂ ಅದನ್ನೇ ಮಾಡುತ್ತಿದ್ದಳು, ಹಾವನ್ನು ಬಳ್ಳಿ ಮಾಡುತ್ತಿದ್ದಳು. ಕಂದು ಬಣ್ಣದ್ದು ಗಿನಿಯಾಯಿತು, ಕಪ್ಪು ಬಿಳಿಯದು ಮಿನಿಯಾಯಿತು. ಹೆಸರಿನ ಗಂಟು ಅಲ್ಲಿಗೆ ಬಿಚ್ಚಿತು.

ಆಮೇಲೆ ಆ ಎರಡಕ್ಕೆ ನಮಗಿಂತ ಆಪಾನೇ ಹೆಚ್ಚಾದರು. ಈ ಪ್ರಾಣಿಗೆ ಒಂದು ಸೀಟಿ ಉಂಟು, ತಿನ್ನಲು ತರುವವರ ಸದ್ದು ಕೇಳಿದ ಕೂಡಲೇ ಕುಂಯೀ ಕುಂಯೀ ಎಂದು ಮನೆಯೆಲ್ಲ ಕೇಳುವ ಹಾಗೆ ಕೂಗುತ್ತದೆ. ದೊಡ್ಡವಾದ ಮೇಲೆ ತಮ್ಮತಮ್ಮೊಳಗೆ ಹಾಗೆ ಕೂಗಿಕೊಳ್ಳುವುದು ಕಡಿಮೆಯಂತೆ, ಅದು ಮನುಷ್ಯರಿಗೆಂದೇ ಕಲಿತ ಕೂಗು. ನಾನು ಫ್ರಿಜ್ ಬಾಗಿಲು ತೆರೆದರೆ ಒಂದು ಕೂಗು. ಆಪಾ ಮೆಟ್ಟಿಲು ಹತ್ತುವ ಸದ್ದಿಗೆ ಹತ್ತು ಕೂಗು. ಆಪಾನ ಮಂಡಿನೋವಿನ ಹೆಜ್ಜೆ, ಒಂದು ಗಟ್ಟಿ, ಒಂದು ಮೆತ್ತಗೆ, ಅವಕ್ಕೆ ಬಾಯಿಪಾಠವಾಗಿತ್ತು. ಸೌತೆ ಸಿಪ್ಪೆ, ಕೊತ್ತಂಬರಿ ದಂಟು, ರಂಜಾನಿನಲ್ಲಿ ಉಪವಾಸ ಬಿಟ್ಟ ಮೇಲೆ ಉಳಿದ ಕಲ್ಲಂಗಡಿ ಸಿಪ್ಪೆ. "ದಿನವಿಡೀ ನಾವು ಉಪವಾಸ, ಇವು ಮೆಲ್ಲೂದ ನೋಡಿ" ಎಂದು ಬೈಯುತ್ತಲೇ ಹಾಕುತ್ತಿದ್ದರು. ಹೊಟ್ಟೆ ತುಂಬಿದ ಖುಷಿಗೆ ಅವು ನಿಂತಲ್ಲೇ ನಾಲ್ಕೂ ಕಾಲು ಎತ್ತಿ ಹುರಿದ ಜೋಳ ಸಿಡಿದ ಹಾಗೆ ಹಾರುವುದನ್ನು ನೋಡಲು ಕೆಳಗಿನ ಮೊಮ್ಮಕ್ಕಳೆಲ್ಲ ಬಂದು ನಮ್ಮ ಹಾಲ್‌ನಲ್ಲಿ ಕೂತಿರುತ್ತಿದ್ದವು.

ಮಿನಿ ಗಂಡು ಎಂದು ಗೊತ್ತಾದದ್ದು ಗಿನಿ ಮೂರು ಮರಿ ಹಾಕಿದ ಬೆಳಿಗ್ಗೆ. ಮರಿ ಅಂದರೆ ಕಣ್ಣು ಬಿಟ್ಟು, ಕೂದಲು ಬಾಚಿಕೊಂಡು, ಇಸ್ಕೂಲಿಗೆ ಹೊರಟ ಹಾಗೆ ಹುಟ್ಟುವ ಮರಿಗಳು. ನಾನು ತಲೆಮೇಲೆ ಕೈಹೊತ್ತು ಕೂತರೆ ಆಪಾ ಸಂಭ್ರಮದಿಂದ ಎರಡು ಮರಿಗಳನ್ನು ಓಣಿಯ ತಮ್ಮ ಗೆಳತಿಯರ ಮನೆಗಳಿಗೆ ದಾಟಿಸಿದರು. ಮಿನಿಯನ್ನು ಅಂಗಡಿಯವನಿಗೆ ವಾಪಸು ಕೊಟ್ಟು, ಉಳಿದ ಹೆಣ್ಣುಮರಿಗೆ ಅದೇ ಹೆಸರಿಟ್ಟುಕೊಂಡೆವು. ಈ ಮಾತನ್ನು ನೆನಪಿಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ನಮ್ಮ ಮನೆಯ ಗಿನಿ ಹಂದಿಯ ಮಕ್ಕಳು ಜಾಲಿಯ ಮನೆಗಳಲ್ಲಿ ಬೆಳೆಯುತ್ತಿದ್ದವು, ಆಪಾನ ಕೈಯಿಂದಲೇ ಹೋಗಿ.

ಚೌತಿಗೆ ಬಾಡಕ್ಕೆ ಹೋಗಿದ್ದೆವು. ಊಟವಾದ ಮೇಲೆ ಎಲೆ ಅಡಿಕೆ ತಟ್ಟೆಯ ಸುತ್ತ ಕೂತಾಗ ನಮ್ಮ ಯಜಮಾನರು ಆಪಾ ಹಂದಿ ನೋಡಲು ಬಂದ ಕತೆ ಹೇಳಿದರು. ಚಂದ ಹೇಳುತ್ತಾರೆ, ಆಪಾನ ಬೆರಳು, ದುಪಟ್ಟಾ, ಕತ್ತರಿಸಿದ ಕಿವಿ, ಎಲ್ಲ ಇತ್ತು. ಎಲ್ಲರೂ ನಕ್ಕರು. ಭಾವ ಎಲ್ಲರಿಗಿಂತ ಜಾಸ್ತಿ ಹೊತ್ತು ನಕ್ಕರು. ನಕ್ಕು ಮುಗಿದ ಮೇಲೆ, "ಅಂದ್ರೆ ಬ್ಯಾಡ ಅಂತ ಹೇಳೂಕೇ ಬಂದದ್ದು ಅಲ್ದ?" ಅಂದರು. "ಅಲ್ಲ ಭಾವ, ಹೆಸರು ಬ್ಯಾಡ ಅಂದ್ರು ಅಷ್ಟೆ" ಎಂದೆ. "ಅದೇ ಆತಲ" ಎಂದು ಸುಣ್ಣ ಹಚ್ಚಿದರು.

ಸ್ವಲ್ಪ ದಿನ ಕಳೆದು, ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಟೀಚರು ನನ್ನ ಮುಂದೆ ಮೊಬೈಲು ಹಿಡಿದರು. "ಇದು ನಿಮ್ಮ ಶ್ರಾವಣಿ ಅಲ್ವಾ?" ನಮ್ಮ ಗೇಟಿನ ಮುಂದೆ ಶ್ರಾವಣಿ ಗಿನಿಯನ್ನು ಎದೆಗವಚಿಕೊಂಡು ನಿಂತ ಪಟ. ಬಿಸಿಲಿಗೆ ಅವಳ ಕಣ್ಣು ಕಿರಿದಾಗಿತ್ತು, ಅಳುತ್ತಿರುವ ಹಾಗೆ ಕಾಣುತ್ತಿತ್ತು. ಕೆಳಗೆ ಬರೆದಿತ್ತು: ಭಟ್ಕಳದಲ್ಲಿ ನಮ್ಮ ಶಿಕ್ಷಕಿಯೊಬ್ಬರ ಮಗು ಮುದ್ದಿನ ಪ್ರಾಣಿ ಸಾಕಿದ್ದಕ್ಕೆ, ಅದರ ಹೆಸರಿನಲ್ಲಿ ಹಂದಿ ಇದೆ ಎಂಬ ಒಂದೇ ಕಾರಣಕ್ಕೆ ಮನೆಯಿಂದ ಹೊರಹಾಕಲಾಗಿದೆ, ಎಚ್ಚೆತ್ತುಕೊಳ್ಳಿ, ಎಲ್ಲರಿಗೂ ಕಳಿಸಿ. ನಾನು ಅಲ್ಲೇ ನಿಂತುಬಿಟ್ಟೆ. ಡ್ರಾಯಿಂಗ್ ಟೀಚರು ಎರಡು ಸಲ ಕರೆದರಂತೆ, ನನಗೆ ಕೇಳಿಸಲಿಲ್ಲ.

ಆ ಪಟವನ್ನು ನಾವು ಹಾಕಿದ್ದು ಫ್ಯಾಮಿಲಿ ಗ್ರೂಪಿಗೆ ಮಾತ್ರ. ಮನೆಗೆ ಬಂದವಳೇ ಭಾವನಿಗೆ ಫೋನು ಮಾಡಿದೆ.

"ನಾ ಬರೆದದ್ದಲ್ಲ. ನಮ್ಮ ಹುಡುಗ್ರ ಹತ್ರ ಸುಮ್ನೆ ಹೇಳಿದ್ದೆ, ಯಾರೋ ಬರ್ದ್ರು. ಹೆಸ್ರು ಹಾಕಿಲ್ಲಲ ನಿಂದು?"

"ಸುಳ್ಳಲ್ವಾ ಭಾವ ಇದು? ನಾವು ಅದೇ ಮನೇಲಿ ಇದ್ದೇವೆ. ಈಗ ಅಲ್ಲಿಂದ್ಲೇ ಮಾತಾಡ್ತಾ ಇದ್ದೇನೆ."

"ಇವತ್ತು ಸುಳ್ಳು ಮಾರಾಯ್ತಿ. ನಾಳೆ ಆಗೂದಿಲ್ಲ ಅಂತ ಬರೆದು ಕೊಡ್ತ್ಯ ನೀನು?"

ಫ್ಯಾಮಿಲಿ ಗ್ರೂಪಿನಲ್ಲಿ ನಾನೇ ಬರೆದೆ. ಆಪಾ ಏನೂ ಹೇಳಿಲ್ಲ, ದಿನಾ ಸೌತೆ ಸಿಪ್ಪೆ ತಂದು ಹಾಕುವವರು ಅವರೇ, ದಯವಿಟ್ಟು ಇದನ್ನು ಅಳಿಸಿ ಎಂದು ಕಾಗುಣಿತ ತಪ್ಪದ ಹಾಗೆ ಬರೆದೆ. ಐದಾರು ಜನ ಕೈಮುಗಿದ ಚಿತ್ರ ಹಾಕಿದರು. ಒಬ್ಬ ಚಿಕ್ಕತ್ತೆ, "ಪಾಪ, ಅಲ್ಲೇ ಇರಬೇಕಲ್ಲ, ಹೆದ್ರಿ ಹೀಂಗೆ ಬರೀತದೆ" ಎಂದು ಬರೆದರು. ಅದಕ್ಕೆ ಹೂವಿನ ಚಿತ್ರ ಬಂದವು. ನಾನು ಎಷ್ಟು ಜೋರಾಗಿ ಸುಳ್ಳೆಂದರೆ ಅಷ್ಟು ಹೆದರಿದ್ದೇನೆ ಎಂದಾಯಿತು. ಇಪ್ಪತ್ತು ವರ್ಷ ಮಕ್ಕಳಿಗೆ ತಪ್ಪು ತಿದ್ದಿಸಿದವಳು ನಾನು. ತಪ್ಪೇ ಬೇಕೆಂದು ಕೂತ ದೊಡ್ಡವರ ಮುಂದೆ ನನ್ನ ವ್ಯಾಕರಣವೆಲ್ಲ ನೀರುಪಾಲು. ಅವರ ಮೇಲೆ ನನಗೆ ಬಂದ ಸಿಟ್ಟು ಈಗಲೂ ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಸುದ್ದಿ ದುಬೈಗೆ ಹೋಗಿ, ಅಲ್ಲಿಂದ ಕೆಳಗಿನ ಮನೆಗೆ ಬಂತು. ಒಂದು ವಾರ ಮೆಟ್ಟಿಲ ಮೇಲೆ ಆಪಾನ ಹೆಜ್ಜೆ ಕೇಳಲಿಲ್ಲ. ನಾನೇ ಇಳಿದು ಹೋಗಿ ಎಲ್ಲ ಹೇಳಿದೆ, ಭಾವನ ಹೆಸರೂ ಹೇಳಿದೆ. "ನಂಗೆ ಗೊತ್ತುಂಟು ಟೀಚರ್, ನೀವಲ್ಲ" ಎಂದು ನನ್ನ ಕೈ ಹಿಡಿದರು. ಚಹಾ ಕೊಟ್ಟರು. ಎಲ್ಲ ಸರಿಹೋಯಿತು ಎಂದುಕೊಂಡು ಮೇಲೆ ಬಂದೆ.

ಶುಕ್ರವಾರ ಆಪಾ ಹತ್ತಿ ಬಂದರು. ಗಿನಿ ಮಿನಿ ಎರಡೂ ಪೆಟ್ಟಿಗೆಯ ಅಂಚಿಗೆ ಕಾಲು ಕೊಟ್ಟು ಕೂಗಿದ್ದೇ ಕೂಗಿದ್ದು. ಆಪಾನ ಕೈಯಲ್ಲಿ ಏನೂ ಇರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತರು.

"ಟೀಚರ್, ನಾ ನಿಮ್ಮನ್ನ ಯಾವತ್ತಾದ್ರೂ ಮನೆ ಬಿಡಿ ಅಂತ ಹೇಳಿದ್ನ?"

"ಇಲ್ಲ ಆಪಾ."

"ಈಗ ಹೇಳ್ತೆ."

ಅವರೇ ಮುಂದುವರಿಸಿದರು. ಪಟದಲ್ಲಿ ಅವರ ಗೇಟು ಕಾಣುತ್ತದೆ. ಗೊತ್ತಿಲ್ಲದ ನಂಬರಿನಿಂದ ಫೋನು ಬರುತ್ತವೆ, ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ಸೊಸೆ ಒಬ್ಬಳೇ ಪೇಟೆಗೆ ಹೋಗಲು ಹೆದರುತ್ತಾಳೆ. ಮಗ ದಿನಾ ಫೋನಿನಲ್ಲಿ ಕೂಗುತ್ತಾನೆ. "ನಾಳೆ ನಿಮ್ಮ ಹುಡ್ಗಿ ಸೈಕಲ್ಲಿಂದ ಬಿದ್ರೂ ನಮ್ಮ ತಲೆಗೆ ಬತ್ತದೆ ಟೀಚರ್. ನಿಮ್ಮ ಮೇಲೆ ಸಿಟ್ಟಲ್ಲ. ಹೇಳೂಕೆ ನಾಚಿಕೆ ಆತದೆ ನಂಗೆ." ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ. ಯಾರ ತಪ್ಪಿಗೆ ಯಾರು ನಾಚುತ್ತಿದ್ದಾರೆ ಎಂದು ಯೋಚಿಸಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಹೊನ್ನಾವರದಲ್ಲಿ ಮನೆ ಹುಡುಕಿದೆವು. ಯಜಮಾನರ ಪರಿಚಯದವರದೊಂದು ಸಿಕ್ಕಿತು. ನಮ್ಮವರೇ, ಬಾಗಿಲಿಗೆ ಮಾವಿನ ತೋರಣ, ಮಾತಿಗೊಮ್ಮೆ ದೇವರು. ಎಲ್ಲ ಒಪ್ಪಿಗೆಯಾದ ಮೇಲೆ ಮನೆಯವರು ಕೇಳಿದರು, "ನಾಯಿ ಗೀಯಿ ಎಂತದೂ ಇಲ್ಲಲ?"

"ಇಲ್ಲ. ಎರಡು ಗಿನಿ ಪಿಗ್ ಉಂಟು, ಮಗಳದ್ದು."

"ಪಿಗ್ಗಾ? ಹಂದಿಯ?"

"ಹಂದಿ ಅಲ್ಲ, ಇಲಿಯ ಜಾತಿ. ಹೆಸರು ಮಾತ್ರ ಹಾಂಗೆ."

"ಹೆಸ್ರು ಹಂದಿ ಅಂದ ಮೇಲೆ ಹಂದಿಯೇ ಅಲ್ದ? ದೇವ್ರ ಕೋಣೆ ಇದ್ದ ಮನೆ. ಬ್ಯಾಡ, ಬ್ಯಾಡ. ಅದನ್ನ ಬಿಟ್ಟು ಬರೂದಾದ್ರೆ ಬನ್ನಿ."

ಬನ್ನಿ ನೋಡಿ ಎಂದೆ. ಅವರು ನೋಡಲು ಬರಲಿಲ್ಲ. ಭಟ್ಕಳದಲ್ಲಿ ಯಾರೂ ಹೇಳದ ಮಾತನ್ನು ಹೊನ್ನಾವರದಲ್ಲಿ ನನ್ನ ಮುಖದ ಮೇಲೆ ಹೇಳಿದರು, ಅದಕ್ಕೆ ಯಾರೂ ಪಟ ತೆಗೆಯಲಿಲ್ಲ. ಬೇರೆ ಮನೆ ಹುಡುಕುವಷ್ಟು ಸಮಯ ಇರಲಿಲ್ಲ.

ಶ್ರಾವಣಿ ಎರಡು ದಿನ ಅತ್ತಳು. ಈ ಸಲ ನಿಜವಾಗಿ. ಅಳು ಕೇಳಿ ಆಪಾ ಮೇಲೆ ಬಂದರು. "ಎಂತಕ್ಕೆ ಅಳೂದು? ನಾ ಇಲ್ವಾ? ಇಲ್ಲೇ ಇರ್ಲಿ ಅವು. ಬಂದು ನೋಡ್ಕಂಡು ಹೋಗು, ಗೇಟು ನಿಂಗೆ ಮುಚ್ಚೂದಿಲ್ಲ" ಎಂದು ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡರು. ಮಗ ಕೇಳಿದರೆ ಎಂದೆ. "ಮೊಲ ಅಂತ ಹೇಳ್ತೆ. ಅಲ್ಲಿಂದ ಅಂವಗೆ ಕಿವಿ ಕಾಣ್ತದ?" ಎಂದರು. ಒಂದು ಗಟ್ಟಿ, ಒಂದು ಮೆತ್ತಗೆ ಹೆಜ್ಜೆ ಇಡುತ್ತ ಗಿನಿಯನ್ನೂ ಮಿನಿಯನ್ನೂ ಕೆಳಗೆ ಒಯ್ದರು. ಅಡುಗೆಮನೆಯ ಪಕ್ಕದ ಜಗಲಿಯಲ್ಲಿ ಈಗ ಅವುಗಳ ವಾಸ.

ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ದಿನ ಭಾವನೂ ಬಂದಿದ್ದರು. ಬಂದವರಿಗೆಲ್ಲ ತಾವೇ ಪಾಯಸ ಬಡಿಸುತ್ತ, "ನಾ ಅವತ್ತೇ ಹೇಳಿದ್ದೆ, ಯಾರು ನಂಬಿದ್ರು? ಕಡೆಗೆ ಹೊರಗೆ ಹಾಕಿದ್ರೋ ಇಲ್ವೋ? ಹೇಳು ನೀನೇ" ಎಂದು ಎಲ್ಲರ ಮುಂದೆ ನನ್ನನ್ನು ಕೇಳಿದರು. ಇಲ್ಲ ಎನ್ನಲು ನನ್ನ ಬಳಿ ಏನಿತ್ತು? ಹೊರಗೆ ಬಂದು ಕೂತದ್ದು ಕಣ್ಣೆದುರೇ ಇತ್ತು. ಮುಖಕ್ಕೆ ಹೊಡೆದ ಹಾಗಾಗಲಿ ಎಂದು, ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ. "ಹಂದಿ ಅವರ ಮನೆಯೊಳಗೇ ಉಂಟು ಭಾವ. ಹೊರಗೆ ಬಂದದ್ದು ನಾವು."

ಭಾವ ಪಾಯಸದ ಸೌಟು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಂತ ಮಾತು ಹೇಳಿದೆ ಮಾರಾಯ್ತಿ. ಕನ್ನಡ ಟೀಚರ್ ಅಂದ್ರೆ ಸುಮ್ನೆ ಅಲ್ಲ" ಎಂದು ನನ್ನನ್ನು ಹೊಗಳಿದರು.

ಮಾರನೇ ಬೆಳಿಗ್ಗೆ ಅದು ಗ್ರೂಪಿನಲ್ಲಿತ್ತು. ಈ ಸಲ ಪಟ ಇಲ್ಲ, ಕೆಂಪು ಅಕ್ಷರ ಮಾತ್ರ. "ಭಟ್ಕಳದಲ್ಲಿ ಹಂದಿ ಮನೆಯೊಳಗೆ, ನಮ್ಮವರು ಹೊರಗೆ. ಸ್ವತಃ ಆ ಶಿಕ್ಷಕಿಯೇ ಹೇಳಿದ ಮಾತು." ಸ್ಟಾಫ್ ರೂಮಿಗೂ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ದುಬೈಗೂ ಹೋಗಿರಬೇಕು, ಆಪಾ ಫೋನು ಎತ್ತಲಿಲ್ಲ. ತಿದ್ದಿ ಬರೆಯೋಣ ಎಂದು ಮೊಬೈಲು ಹಿಡಿದು ಕೂತೆ. ಓದಿದೆ, ಇನ್ನೊಮ್ಮೆ ಓದಿದೆ, ತಪ್ಪು ಎಲ್ಲಿದೆ ಎಂದು ಹುಡುಕಿದೆ. ಒಂದು ಪದವೂ ಸುಳ್ಳಿರಲಿಲ್ಲ.